ನೀರಂಚಿನ ದಾರಿ: ಮೆಟ್ಟೂರಿನಿಂದ ಮಾದಪ್ಪನ ಬೆಟ್ಟದವರೆಗೆ

ನಮ್ಮ ಸೇಲಂ, ಧರ್ಮಪುರಿ ಜಿಲ್ಲೆಗಳಿಗೆ ಕಡಲಿಲ್ಲ. ಆದರೂ ಕೊಳತ್ತೂರಿನ ಸುತ್ತಮುತ್ತಲಿನವರಿಗೆ ಒಂದು ತೀರವುಂಟು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಪೂರ್ಣಗೊಂಡಂದಿನಿಂದ ಕಾವೇರಿಯು ಇಲ್ಲಿ ಹರಿಯುವ ಹೊಳೆಯ ರೂಪವನ್ನು ಬಿಟ್ಟು, ಕಣ್ಣಳತೆಗೆ ಮೀರಿದ ಜಲರಾಶಿಯಾಗಿ ನಿಂತಿದ್ದಾಳೆ. ಆ ಜಲರಾಶಿಯ ಪಶ್ಚಿಮದ ಅಂಚನ್ನು ಹಿಡಿದು ಕೊಳತ್ತೂರು, ಕಾವೇರಿಪುರ, ಗೋವಿಂದಪಾಡಿಗಳ ಮೂಲಕ ಪಾಲಾರಿನವರೆಗೂ, ಅಲ್ಲಿಂದ ಘಟ್ಟವೇರಿ ಮಲೆ ಮಹದೇಶ್ವರ ಬೆಟ್ಟದವರೆಗೂ ಒಂದು ದಾರಿ ಹೋಗುತ್ತದೆ. ಕೆಲವೇ ಗಂಟೆಗಳಲ್ಲಿ ಮುಗಿದುಹೋಗುವ ಈ ದಾರಿಯನ್ನು ಪ್ರವಾಸಿ ಕೈಪಿಡಿಗಳು ಕೊಂಡಾಡುವುದು ಕಡಿಮೆ. ಆದರೆ ನಮ್ಮ ಗಡಿನಾಡಿನ ಕನ್ನಡದ ಚರಿತ್ರೆಯನ್ನು ಒಂದೇ ಎಳೆಯಲ್ಲಿ ಪೋಣಿಸಿ ತೋರಿಸಬಲ್ಲ ದಾರಿ ಇದಕ್ಕಿಂತ ಮಿಗಿಲಾದುದು ಬೇರೊಂದಿಲ್ಲವೆಂಬುದು ನಮ್ಮ ಅಭಿಪ್ರಾಯ.

ನಮ್ಮ ಗೆಳೆಯರೊಬ್ಬರ ಮಗ ಯುರೋಪಿನಲ್ಲಿ ಉದ್ಯೋಗದಲ್ಲಿದ್ದಾನೆ. ಅವನು ಸಂಗಡಿಗರೊಡನೆ ಕಾರಿನಲ್ಲಿ ಮೆಡಿಟರೇನಿಯನ್ ಸಮುದ್ರದ ದಂಡೆಯುದ್ದಕ್ಕೂ, ಫ್ರಾನ್ಸಿನ ನೀಸ್ ನಗರದಿಂದ ಇಟಲಿಯ ಜಿನೋವಾದವರೆಗೆ ಹೋಗಿಬಂದು ಚಿತ್ರಗಳನ್ನು ಕಳುಹಿಸಿದ್ದನು. ಅವನ್ನು ನೋಡುತ್ತಿದ್ದ ಗೆಳೆಯರು, “ಮೇಷ್ಟ್ರೇ, ನಮಗೂ ಒಂದು ದಂಡೆಯ ದಾರಿ ಇದೆಯಲ್ಲ, ಅದನ್ನು ಯಾವತ್ತಾದರೂ ನಿಧಾನವಾಗಿ ನೋಡಿದ್ದೇವೆಯೇ?” ಎಂದರು. ಹೀಗಾಗಿ ಜಲಾಶಯ ಇಳಿದಿದ್ದ ಬೇಸಿಗೆಯ ಒಂದು ದಿನ ನಾವು ನಾಲ್ವರು ಹೊರಟೆವು. ಇಬ್ಬರು ನಿವೃತ್ತ ಶಿಕ್ಷಕರು, ಒಬ್ಬರು ನೇಯ್ಗೆಯ ಮನೆತನದವರು, ಕಾರು ನಡೆಸಲು ಗೆಳೆಯರ ಮೊಮ್ಮಗ. ಕಂಡದ್ದನ್ನು ಮತ್ತು ಓದಿ ತಿಳಿದದ್ದನ್ನು ಜೊತೆಗೂಡಿಸಿ ಇಲ್ಲಿ ನಿವೇದಿಸುತ್ತಿದ್ದೇವೆ.

ಅಣೆಕಟ್ಟಿನ ಹಿಂದಿನ ಕಥೆ

ಮೆಟ್ಟೂರಿನ ಅಣೆಕಟ್ಟು ಕಲ್ಲುಗಾರೆಯ ಕೆಲಸವಾಗುವ ಮುನ್ನ ಕಾಗದದ ಮೇಲಿನ ಜಗಳವಾಗಿತ್ತು. ಕಾವೇರಿಯ ನೀರಿನ ಬಗ್ಗೆ ಮೈಸೂರು ಸಂಸ್ಥಾನಕ್ಕೂ ಮದ್ರಾಸು ಸರ್ಕಾರಕ್ಕೂ 1892ರಲ್ಲಿ ಒಂದು ಒಪ್ಪಂದವಾಯಿತು. 1911ರಲ್ಲಿ ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರರಾಗಿದ್ದಾಗ ಕನ್ನಂಬಾಡಿಯ ಕೆಲಸ ಆರಂಭವಾಯಿತು. ಮದ್ರಾಸಿನವರಿಗೆ ಮೆಟ್ಟೂರಿನ ಯೋಜನೆ ಬೇಕಾಗಿತ್ತು. ಒಬ್ಬರ ಕಟ್ಟೆ ಇನ್ನೊಬ್ಬರ ಆತಂಕವಾಗಿ, ಮಧ್ಯಸ್ಥಿಕೆ, ತೀರ್ಪು, ಮೇಲ್ಮನವಿಗಳಲ್ಲಿ ವರ್ಷಗಳು ಕಳೆದು, ಕೊನೆಗೆ 1924ರ ಫೆಬ್ರವರಿಯಲ್ಲಿ ಒಡಂಬಡಿಕೆಯಾಯಿತು. ಅದರ ಮರುವರ್ಷವೇ, ಅಂದರೆ 1925ರಲ್ಲಿ, ಮೆಟ್ಟೂರಿನ ಕೆಲಸ ಮೊದಲಾಯಿತು. ಕರ್ನಲ್ ಎಲ್ಲಿಸ್ ಎಂಬ ಎಂಜಿನಿಯರರು ಇದರ ವಿನ್ಯಾಸವನ್ನು ರೂಪಿಸಿದರು. ಹೆಚ್ಚಿನ ನೀರು ಹೊರಹೋಗುವ ಹದಿನಾರು ಕಣ್ಣುಗಳ ಕಟ್ಟಡಕ್ಕೆ ಇಂದಿಗೂ ಅವರ ಹೆಸರೇ ಇದೆ. 1934ರ ಆಗಸ್ಟಿನಲ್ಲಿ ಮದ್ರಾಸಿನ ಗವರ್ನರ್ ಸರ್ ಜಾರ್ಜ್ ಸ್ಟಾನ್ಲಿಯವರ ಕಾಲದಲ್ಲಿ ಉದ್ಘಾಟನೆಯಾಗಿ, ಜಲಾಶಯಕ್ಕೆ ಸ್ಟಾನ್ಲಿಯ ಹೆಸರು ಬಂದಿತು. ನೀರಿನ ಪೂರ್ಣ ಮಟ್ಟ 120 ಅಡಿ; ಸಂಗ್ರಹ 93 ಟಿಎಂಸಿಗಿಂತ ತುಸು ಹೆಚ್ಚು.

ಈ ಅಂಕಿಗಳನ್ನು ಶಾಲೆಯಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುವುದುಂಟು. ಪ್ರತಿವರ್ಷ ಜೂನ್ 12ರಂದು ಬಾಗಿಲು ತೆರೆಯುವುದು ವಾಡಿಕೆಯೆಂದೂ, ಆ ನೀರು ತಂಜಾವೂರಿನ ಬಯಲಿಗೆ ಹೋಗಿ ಭತ್ತವಾಗುವುದೆಂದೂ ಹೇಳಿಕೊಡುತ್ತೇವೆ. ಆದರೆ ನೀರು ನಿಂತ ಜಾಗದಲ್ಲಿ ಮೊದಲು ಏನಿತ್ತು ಎಂಬ ಪ್ರಶ್ನೆ ಪರೀಕ್ಷೆಗೆ ಬರುವುದಿಲ್ಲ.

ಮುಳುಗಿದ ಊರುಗಳು

ಅಣೆಕಟ್ಟಿನ ಬುಡದ ಉದ್ಯಾನವನ್ನು ಹಾದು ಬಲದಂಡೆಯನ್ನು ಸೇರಿ ಕೊಳತ್ತೂರನ್ನು ತಲುಪಿದೆವು. ಕೊಳತ್ತೂರೆಂಬ ಹೆಸರು ಕನ್ನಡದ ಕಿವಿಗೂ ತಮಿಳಿನ ಕಿವಿಗೂ ಪರಿಚಿತವಾಗಿಯೇ ಕೇಳಿಸುತ್ತದೆ. ಅಲ್ಲಿಂದ ಪಣ್ಣವಾಡಿಯ ದೋಣಿಕಟ್ಟೆಗೆ ಇಳಿದೆವು. ಇಲ್ಲಿ ಜಲಕಂಠೇಶ್ವರನ ಹಳೆಯ ದೇವಾಲಯವೊಂದು ನೀರಿನೊಳಗಿದೆ. ಹಳೆಯ ಇಗರ್ಜಿಯೊಂದೂ ಇದೆ. ಜಲಾಶಯ ಇಳಿಯುತ್ತ ಬಂದಂತೆ ಮೊದಲು ಇಗರ್ಜಿಯ ಗೋಪುರ, ಆಮೇಲೆ ದೇವಾಲಯದ ನಂದಿ ಹೊರಗೆ ಕಾಣಿಸಿಕೊಳ್ಳುತ್ತವೆ. ನಂದಿಯ ಬೆನ್ನು ಕಂಡಿತೆಂದರೆ ಆ ವರ್ಷ ಬರ ಬಂದಿತೆಂದೇ ಲೆಕ್ಕ. ಪತ್ರಿಕೆಯವರು ಚಿತ್ರ ತೆಗೆಯಲು ಬರುತ್ತಾರೆ. ಊರಿನವರು ಕೈಮುಗಿಯಲು ಬರುತ್ತಾರೆ.

ಅಲ್ಲಿ ಹಣ್ಣು ಮಾರುತ್ತಿದ್ದ ಒಬ್ಬ ಮುದುಕಿ ನಾವು ಕನ್ನಡದಲ್ಲಿ ಮಾತನಾಡುವುದನ್ನು ಕೇಳಿ ತಾವೂ ಕನ್ನಡಕ್ಕೆ ತಿರುಗಿದರು. “ನಮ್ಮಜ್ಜಿ ಹುಟ್ಟಿದ ಊರು ಅಗೋ ಅಲ್ಲಿ, ನೀರೊಳಗೆ. ಊರು ಬಿಟ್ಟಾಗ ಒಲೆಗುಂಡು ಹೊತ್ಕೊಂಡು ಬಂದ್ರಂತೆ, ಸಾಮಿ” ಎಂದರು. ಆ ಊರಿನ ಹೆಸರೇನೆಂದು ಕೇಳಿದರೆ ಅವರಿಗೆ ನೆನಪಿರಲಿಲ್ಲ. “ಹಳೇ ಊರು ಅಂತಿದ್ರು” ಎಂದಷ್ಟೇ ಹೇಳಿದರು. ಒಂದು ಊರು ಎರಡು ಬಾರಿ ಮುಳುಗುತ್ತದೆ: ಮೊದಲು ನೀರಿನಲ್ಲಿ, ಆಮೇಲೆ ಮರೆವಿನಲ್ಲಿ. ಮೊದಲನೆಯದನ್ನು ತಡೆಯುವುದು ನಮ್ಮ ಹಿರಿಯರ ಕೈಯಲ್ಲಿರಲಿಲ್ಲ. ಎರಡನೆಯದನ್ನು ತಡೆಯುವುದು ನಮ್ಮ ಕೈಯಲ್ಲಿದೆ.

ಪಣ್ಣವಾಡಿಯಿಂದ ಎದುರು ದಂಡೆಯ ನಾಗಮರೆಗೆ ದೋಣಿ ಹೋಗುತ್ತದೆ. ಆಚೆಗಿರುವುದು ಧರ್ಮಪುರಿ ಜಿಲ್ಲೆ. ಈಚೆಯವರ ಹೆಣ್ಣು ಆಚೆಗೆ, ಆಚೆಯವರ ಹೆಣ್ಣು ಈಚೆಗೆ ಬರುವುದು ಇಂದಿಗೂ ಉಂಟು. ಆ ದಂಡೆಯನ್ನು ನೋಡುತ್ತಿದ್ದಂತೆ ಧರ್ಮಪುರಿಯ ಹಳೆಯ ಹೆಸರು ತಗಡೂರು ಎಂಬುದನ್ನು ಜೊತೆಯ ತರುಣನಿಗೆ ತಿಳಿಸಿದೆವು. ಒಂಬತ್ತನೆಯ ಶತಮಾನದಲ್ಲಿ ಅಲ್ಲಿ ನೊಳಂಬರು ಆಳಿದರು. ಮಹೇಂದ್ರ ನೊಳಂಬನ ಕಾಲದ, ಕ್ರಿ.ಶ. 893ರ ಕನ್ನಡ ಶಾಸನವೊಂದು ಧರ್ಮಪುರಿಯಲ್ಲಿ ದೊರೆತಿದೆ. ನಿಧಿಯಣ್ಣ, ಚಂದಿಯಣ್ಣ ಎಂಬ ಇಬ್ಬರು ವರ್ತಕ ಸೋದರರು ತಗಡೂರಿನಲ್ಲಿ ಬಸದಿ ಕಟ್ಟಿಸಿದ ಸಂಗತಿ ಅದರಲ್ಲಿದೆ. ಅದೇ ಶತಮಾನದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ದಕ್ಷಿಣದ ಎಲ್ಲೆಯಾಗಿ ಕಾವೇರಿಯನ್ನು ಹೆಸರಿಸುತ್ತದೆ. ಹೊಗೇನಕಲ್ಲು, ಬಿಳಿಗುಂಡ್ಲು, ಮಾರಂಡಹಳ್ಳಿ ಎಂಬ ಹೆಸರುಗಳನ್ನು ಬಿಡಿಸಿ ಹೇಳಲು ಕನ್ನಡಿಗನಿಗೆ ನಿಘಂಟು ಬೇಕಿಲ್ಲ. ಅಂದರೆ ಇಲ್ಲಿನ ಕನ್ನಡ ಯಾರೋ ಒಬ್ಬ ಅರಸನ ಸೈನ್ಯದ ಹಿಂದೆ ಬಂದು ಉಳಿದುಹೋದ ಮಾತಲ್ಲ. ಸಾವಿರ ವರ್ಷಗಳ ಹಿಂದೆಯೇ ಇಲ್ಲಿ ವರ್ತಕನು ತನ್ನ ದಾನವನ್ನು ಬರೆಯಿಸಿದ ಮಾತು. ಅದು ತಮಿಳಿನ ಪಕ್ಕದಲ್ಲಿಯೇ ಬಾಳಿದ ಮಾತು ಎಂಬುದೂ ಅಷ್ಟೇ ನಿಜ.

ಕಾವೇರಿಪುರದ ಕಣಿವೆ

ಕೊಳತ್ತೂರು ಬಿಟ್ಟು ಉತ್ತರಕ್ಕೆ ಸಾಗಿದರೆ ಕಾವೇರಿಪುರ. ಇಂದು ದಾರಿಹೋಕರು ನಿಲ್ಲದೆ ಹೋಗುವ ಈ ಊರು ಒಂದು ಕಾಲಕ್ಕೆ ಮೈಸೂರಿನ ಎತ್ತರದ ಸೀಮೆಗೂ ತಗ್ಗಿನ ಕೊಂಗುನಾಡಿಗೂ ನಡುವಿನ ಹೆಬ್ಬಾಗಿಲಾಗಿತ್ತು. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿಗಳ ಮೇಲೆ ಘಟ್ಟವಿಳಿದು ಬರುವ ದಾರಿಗೆ ಇತಿಹಾಸಕಾರರು ಕಾವೇರಿಪುರದ ಕಣಿವೆಯೆಂದೇ ಹೆಸರಿಟ್ಟಿದ್ದಾರೆ. ಇಲ್ಲಿನ ಕೋಟೆಯನ್ನು ಕಟ್ಟಿಸಿದವರು ತಾರಮಂಗಲದ ಘಟ್ಟಿ ಮೊದಲಿಯಾರ್ ಮನೆತನದವರೆಂದು ಹೇಳುತ್ತಾರೆ. ಕಂಠೀರವ ನರಸರಾಜ ಒಡೆಯರ (1638–1659) ಕಾಲದಲ್ಲಿ ಮೈಸೂರಿನ ಸೇನೆ ಈ ಮನೆತನದ ನೆಲಕ್ಕೆ ಇಳಿಯಿತು. ಚಿಕ್ಕದೇವರಾಜ ಒಡೆಯರ (1673–1704) ಕಾಲಕ್ಕೆ ಸೇಲಂ, ಧರ್ಮಪುರಿಗಳೂ ಮೈಸೂರಿಗೆ ಸೇರಿದವು.

ಘಟ್ಟದ ದಾರಿಯಲ್ಲಿ ಸೈನ್ಯ ಬಂದದ್ದು ಆಗೊಮ್ಮೆ ಈಗೊಮ್ಮೆ. ಎತ್ತುಗಳು ಬಂದದ್ದು ಸದಾಕಾಲ. ಧಾನ್ಯ, ಉಪ್ಪು, ಬಟ್ಟೆ ಹೇರಿದ ಎತ್ತಿನ ಹಿಂಡುಗಳು ಘಟ್ಟ ಹತ್ತಿ ಇಳಿಯುತ್ತಿದ್ದ ಕಾಲದಲ್ಲಿ ಎರಡು ಮಾತು ಬಾರದವನಿಗೆ ವ್ಯಾಪಾರವಾಗುತ್ತಿರಲಿಲ್ಲ. ನಮ್ಮ ಜೊತೆಗಿದ್ದ ನೇಯ್ಗೆಯ ಮನೆತನದ ಗೆಳೆಯರು ಇದನ್ನು ತಮ್ಮ ಮನೆಯ ಉದಾಹರಣೆಯಿಂದಲೇ ವಿವರಿಸಿದರು. ಸೇಲಂ ಸೀಮೆಯ ದೇವಾಂಗದವರಲ್ಲಿ ಎಷ್ಟೋ ಮನೆಗಳ ಮಾತು ಕನ್ನಡ. ನೂಲು ತರುವುದು, ಸೀರೆ ಮಾರುವುದು ತಮಿಳಿನಲ್ಲಿ. ಚೌಡೇಶ್ವರಿಯ ಹಬ್ಬದ ಅಲಗು ಸೇವೆಯ ದಿನ ಬಾಯಲ್ಲಿ ಬರುವುದು ಕನ್ನಡ. “ಮಗ್ಗಕ್ಕೆ ಹಾಸೂ ಬೇಕು, ಹೊಕ್ಕೂ ಬೇಕು, ಮೇಷ್ಟ್ರೇ, ಒಂದೇ ಇದ್ದರೆ ಬಟ್ಟೆಯಾಗುವುದಿಲ್ಲ” ಎಂದರು.

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನು ಬಾರಾಮಹಲನ್ನೂ ಸೇಲಂ ಸೀಮೆಯನ್ನೂ ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಡಬೇಕಾಯಿತು. ಕೊಯಮತ್ತೂರು ಸೀಮೆ ಅವನಲ್ಲಿಯೇ ಉಳಿಯಿತು. ಹೀಗಾಗಿ ಏಳು ವರ್ಷಗಳ ಕಾಲ ಹೊಳೆಯ ಎಡದಂಡೆ ಒಬ್ಬರದು, ಬಲದಂಡೆ ಇನ್ನೊಬ್ಬರದು. ಎಡದಂಡೆಯ ಬಾರಾಮಹಲಿನಲ್ಲಿ ಅಲೆಗ್ಸಾಂಡರ್ ರೀಡ್ ಎಂಬ ಅಧಿಕಾರಿಯೂ ಅವನ ಸಹಾಯಕನಾಗಿ ಥಾಮಸ್ ಮನ್ರೋ ಎಂಬ ತರುಣನೂ ಹೊಲ ಹೊಲ ಅಳೆದು, ರೈತನೊಡನೆ ನೇರವಾಗಿ ಕಂದಾಯ ಗೊತ್ತುಮಾಡುವ ಪದ್ಧತಿಗೆ ತಳಹದಿ ಹಾಕಿದರು. ಮುಂದೆ ಮದ್ರಾಸು ಪ್ರಾಂತ್ಯದಲ್ಲೆಲ್ಲ ಹರಡಿದ ರೈತವಾರಿ ಪದ್ಧತಿ ಹುಟ್ಟಿದ್ದು ನಮ್ಮ ಹೊಲಗಳಲ್ಲಿಯೇ. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ್ದ ಸೈನ್ಯಕ್ಕೆ ಆಹಾರ ಸಾಲದೆ ಬಂದಾಗ, ತಗ್ಗಿನ ಸೀಮೆಯಿಂದ ಧಾನ್ಯವನ್ನೂ ದನಗಳನ್ನೂ ಇದೇ ಕಣಿವೆಯ ಮೂಲಕ ಮೇಲಕ್ಕೆ ಸಾಗಿಸುವ ಏರ್ಪಾಡಾಯಿತು. ಮೇ 4ರಂದು ಟಿಪ್ಪು ಮಡಿದನು; ಬಲದಂಡೆಯೂ ಕಂಪನಿಯದಾಯಿತು.

ಮರುವರ್ಷ, ಅಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಹೊಸದಾಗಿ ಗೆದ್ದ ನಾಡನ್ನು ಸುತ್ತಿ ನೋಡುತ್ತ ಹನೂರು, ಕೌದಳ್ಳಿಗಳ ದಾರಿಯಲ್ಲಿ ಘಟ್ಟವಿಳಿದು ಕಾವೇರಿಪುರಕ್ಕೆ ಬಂದು, ಭವಾನಿಯ ಕಡೆಗೆ ಹೋದನು. ನಿಂತಲ್ಲೆಲ್ಲ ನೆಲ, ಬೆಳೆ, ಕೆರೆ, ಕುಲ, ಕಸುಬುಗಳನ್ನು ಕೇಳಿ ಬರೆದುಕೊಂಡನು. ಅವನ ಪ್ರವಾಸ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ನಮ್ಮ ಊರುಗಳನ್ನು ಹೊರಗಿನವನೊಬ್ಬ ಬರೆದಿಟ್ಟಿದ್ದಾನೆ. ಒಳಗಿನವರು ಬರೆದದ್ದು ತೀರ ಕಡಿಮೆ. ಈ ಮಾತು ನಮ್ಮನ್ನು ಚುಚ್ಚಬೇಕು.

ಗೆರೆಗಳು ಸರಿದವು, ದಾರಿ ಉಳಿಯಿತು

ಗೋವಿಂದಪಾಡಿಯನ್ನು ದಾಟಿದ ಮೇಲೆ ಮನೆಗಳು ವಿರಳವಾಗಿ ಕುರುಚಲು ಕಾಡು ಹತ್ತಿರವಾಗುತ್ತದೆ. ಮುಂದೆ ಪಾಲಾರು. ಈ ಸಣ್ಣ ಹೊಳೆ ಇಂದು ತಮಿಳುನಾಡು, ಕರ್ನಾಟಕಗಳ ಗಡಿ. ಕಾರು ನಿಂತಿತು. ತಪಾಸಣೆಯಾಯಿತು. “ತಾತ, ಇಲ್ಲಿಂದ ನಾವು ಬೇರೆ ರಾಜ್ಯ” ಎಂದ ಹುಡುಗನಿಗೆ, 1956ರ ನವೆಂಬರ್ 1ಕ್ಕೆ ಮೊದಲು ಇದು ರಾಜ್ಯದ ಗಡಿಯಾಗಿರಲಿಲ್ಲವೆಂದು ಹೇಳಿದಾಗ ಅವನಿಗೆ ಆಶ್ಚರ್ಯವಾಯಿತು. ಕೊಳ್ಳೇಗಾಲ ತಾಲ್ಲೂಕು ಅಲ್ಲಿಯವರೆಗೆ ಮದ್ರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕೊಳತ್ತೂರಿನಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವವನು ಒಂದೇ ರಾಜ್ಯದೊಳಗೆ ನಡೆದುಹೋಗುತ್ತಿದ್ದನು. ಭಾಷಾವಾರು ಪ್ರಾಂತ ರಚನೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು. ಹೊಸೂರು, ತಾಳವಾಡಿ, ನಮ್ಮ ಸೀಮೆಗಳು ಮದ್ರಾಸಿನಲ್ಲಿಯೇ ಉಳಿದವು.

ಮೆಡಿಟರೇನಿಯನ್ ದಂಡೆಯ ಕಥೆಯೂ ಬೇರೆಯಲ್ಲ. ಗೆಳೆಯರ ಮಗ ಹೊರಟ ನೀಸ್ ನಗರ 1860ರವರೆಗೆ ಸಾರ್ಡೀನಿಯಾ ರಾಜ್ಯದಲ್ಲಿದ್ದು, ಆ ವರ್ಷದ ಒಪ್ಪಂದದಂತೆ ಫ್ರಾನ್ಸಿಗೆ ಹೋಯಿತು. ಇಟಲಿಯ ಏಕೀಕರಣಕ್ಕೆ ಹೋರಾಡಿದ ಗ್ಯಾರಿಬಾಲ್ಡಿ 1807ರಲ್ಲಿ ಹುಟ್ಟಿದ್ದು ಅದೇ ನೀಸಿನಲ್ಲಿ. ತಾನು ಹುಟ್ಟಿದ ಊರೇ ಪರರಾಜ್ಯವಾದುದನ್ನು ಅವನು ಕಡೆಯವರೆಗೂ ಸಹಿಸಲಿಲ್ಲ. ಆ ದಂಡೆಯಲ್ಲಿ ಎರಡು ಸಾವಿರ ವರ್ಷಗಳ ಹಿಂದೆ ರೋಮನರು ಹಾಕಿದ ದಾರಿಯೊಂದಿತ್ತು. ಗಡಿ ಎಷ್ಟೋ ಸಲ ಸರಿದರೂ ಜನ ಆ ದಂಡೆಯ ದಾರಿಯನ್ನು ಬಿಡಲಿಲ್ಲ. ನೀಸಿನ ಹಳೆಯ ಬೀದಿಗಳಲ್ಲಿ ಇಂದು ಫ್ರೆಂಚಿನೊಡನೆ ಅಲ್ಲಿನ ಮನೆಮಾತಿನಲ್ಲಿಯೂ ಹೆಸರಿನ ಫಲಕಗಳಿವೆ. ಆದರೆ ಫಲಕ ಇರುವುದು ಬೇರೆ, ಆ ಮಾತನ್ನಾಡುವ ಮಗು ಮನೆಯಲ್ಲಿರುವುದು ಬೇರೆ. ಈ ವ್ಯತ್ಯಾಸವನ್ನು ಗಡಿನಾಡಿನ ನಾವು ಚೆನ್ನಾಗಿ ಬಲ್ಲೆವು.

ದಾರಿಯ ಕಹಿ

ನಮ್ಮ ದಾರಿಯನ್ನು ಹೊಗಳುವಾಗ ಅದರ ಕಹಿಯನ್ನು ಮರೆಮಾಚಬಾರದು. 1991ರ ಜೂನಿನಲ್ಲಿ ಕಾವೇರಿ ನ್ಯಾಯಮಂಡಳಿಯು 205 ಟಿಎಂಸಿ ನೀರಿನ ಮಧ್ಯಂತರ ಆದೇಶವನ್ನಿತ್ತಿತು. ಅದೇ ವರ್ಷದ ಡಿಸೆಂಬರಿನಲ್ಲಿ ಗಲಭೆಗಳಾಗಿ, ಎರಡೂ ಮಾತಿನ ಬಡವರು ಮನೆ ಬಿಟ್ಟು ಓಡಬೇಕಾಯಿತು. ಬೆಂಗಳೂರಿನಲ್ಲಿ ತಮಿಳನಾಗಿ ಹೊಡೆತ ತಿಂದವನೂ, ಗಡಿಯ ಈಚೆ ಕನ್ನಡಿಗನಾಗಿ ಬೆದರಿಕೆ ಅನುಭವಿಸಿದವನೂ ಒಂದೇ ನೀರನ್ನು ಕುಡಿದವರು. 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಿಳಿಗುಂಡ್ಲುವಿನಲ್ಲಿ ಅಳೆಯುವ ನೀರನ್ನು 177.25 ಟಿಎಂಸಿ ಎಂದು ನಿಗದಿಪಡಿಸಿತು. ಆ ಅಂಕಿಯ ಬಗ್ಗೆ ದೂರದ ಪಟ್ಟಣಗಳಲ್ಲಿ ಬಿಸಿ ಏರಿದಾಗಲೆಲ್ಲ ಮೊದಲು ಬಸ್ಸು ನಿಲ್ಲುವುದು ಪಾಲಾರಿನಂಥ ಗಡಿಯಲ್ಲಿ.

ಅದೇ ದಶಕದಲ್ಲಿ ಈ ಕಾಡುಗಳಲ್ಲಿ ವೀರಪ್ಪನ್‌ನ ಭಯ. ಅವನು ಹುಟ್ಟಿದ ಗೋಪಿನಾಥಂ ಈ ಮಲೆಗಳ ನಡುವಿನದೇ. ಆ ಊರಿನ ಜನರಿಗೆ ಮನೆಗಳನ್ನು ಕಟ್ಟಿಸಿಕೊಟ್ಟು ಅವರ ವಿಶ್ವಾಸ ಗಳಿಸಿದ್ದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು 1991ರ ನವೆಂಬರಿನಲ್ಲಿ ಕೊಲ್ಲಲಾಯಿತು. 1993ರ ಏಪ್ರಿಲ್ 9ರಂದು ಪಾಲಾರಿನ ಬಳಿ ನೆಲಬಾಂಬು ಸಿಡಿದು ಪೊಲೀಸರು, ಅರಣ್ಯ ಕಾವಲುಗಾರರು ಸೇರಿದಂತೆ 22 ಮಂದಿ ಮಡಿದರು. ಶೋಧದ ಹೆಸರಿನಲ್ಲಿ ಎರಡೂ ರಾಜ್ಯಗಳ ಹಳ್ಳಿಗರು ಪಟ್ಟ ಪಾಡನ್ನು ವಿಚಾರಿಸಲು ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯನ್ನು ನೇಮಿಸಬೇಕಾಯಿತು. 2000ನೇ ಇಸವಿಯಲ್ಲಿ ಡಾ. ರಾಜ್‌ಕುಮಾರ್ ಅವರು 108 ದಿನ ಸೆರೆಯಲ್ಲಿದ್ದಾಗ ನಮ್ಮ ಮನೆಗಳಲ್ಲಿ ರೇಡಿಯೋ ಆರಲಿಲ್ಲ. 2004ರ ಅಕ್ಟೋಬರಿನಲ್ಲಿ ವೀರಪ್ಪನ್‌ನ ಅಂತ್ಯವಾದ ಮೇಲೆ ಈ ದಾರಿ ಮತ್ತೆ ನಿರ್ಭಯವಾಗಿ ನಡೆಯುವ ದಾರಿಯಾಯಿತು. ಸೇತುವೆಯ ಬಳಿ ಇಳಿದು ನಾವು ಕ್ಷಣಕಾಲ ಮೌನವಾಗಿ ನಿಂತೆವು.

ಬೆಟ್ಟ ಕೂಡಿಸಿದ ಜನ

ಇಷ್ಟೆಲ್ಲದರ ನಡುವೆಯೂ ಈ ದಾರಿಯನ್ನು ಜೀವಂತವಾಗಿ ಇಟ್ಟವರು ಮಾದಪ್ಪನ ಒಕ್ಕಲು. ಎಪ್ಪತ್ತೇಳು ಮಲೆಯ ಒಡೆಯನೆಂದು ಹಾಡಿಸಿಕೊಳ್ಳುವ ಮಹದೇಶ್ವರನನ್ನು ಪೂಜಿಸುವವರು ಬೇಡಗಂಪಣರು; ಅವನನ್ನು ತಮ್ಮವನೆನ್ನುವವರು ಸೋಲಿಗರು; ಅವನ ಕಥೆಯನ್ನು ರಾತ್ರಿಯಿಡೀ ಹಾಡುವವರು ದೇವರಗುಡ್ಡರು, ಕಂಸಾಳೆಯವರು. ಅಮಾವಾಸ್ಯೆಗೆ, ಶಿವರಾತ್ರಿಗೆ, ಯುಗಾದಿಗೆ, ದೀಪಾವಳಿಗೆ ಸೇರುವ ಜನದಲ್ಲಿ ತಮಿಳು ಮಾತಿನವರು ಬಹಳ. ಪಾಲಾರಿನಿಂದ ಘಟ್ಟವೇರುವಾಗ ಬರಿಗಾಲಿನಲ್ಲಿ ನಡೆಯುತ್ತಿದ್ದ ಒಂದು ಗುಂಪನ್ನು ಕಂಡು ಮಾತನಾಡಿಸಿದೆವು. ಅವರು ಮಾತನಾಡಿದ್ದು ತಮಿಳಿನಲ್ಲಿ. ಆದರೆ ದಣಿವಾದಾಗ ಒಬ್ಬರು ಕೂಗಿದ್ದು “ಉಘೇ ಮಾದಪ್ಪ” ಎಂದು. ಉಳಿದವರೆಲ್ಲ ಓಗೊಟ್ಟದ್ದೂ ಹಾಗೆಯೇ. ಅವರಲ್ಲಿ ಯಾರೂ ಇದನ್ನು ಭಾಷೆಯ ಪ್ರಶ್ನೆಯೆಂದು ಎಣಿಸಿರಲಿಲ್ಲ.

ನಮ್ಮ ಸೀಮೆಯಲ್ಲಿ ಕನ್ನಡ ಉಳಿದ ಬಗೆ ಇದೇ. ಸರ್ಕಾರದ ಆಜ್ಞೆಯಿಂದಲ್ಲ, ಶಾಲೆಯಿಂದಲೂ ಅಲ್ಲ. ದೇವರಿಗೆ, ಸಂತೆಗೆ, ಮಗ್ಗಕ್ಕೆ, ಬೀಗತನಕ್ಕೆ ಅದು ಬೇಕಾಗಿತ್ತು, ಆದ್ದರಿಂದ ಉಳಿಯಿತು. ಈಗ ಆ ಅಗತ್ಯಗಳು ಒಂದೊಂದಾಗಿ ಸಡಿಲಗೊಳ್ಳುತ್ತಿವೆ. ಹೊಸೂರು, ತಾಳವಾಡಿಗಳ ಕಡೆ ಕನ್ನಡ ಶಾಲೆಗಳಾದರೂ ಇವೆ. ನಮ್ಮ ಬಹುಪಾಲು ಮನೆಗಳಲ್ಲಿ ಕನ್ನಡ ಬಾಯಿಮಾತು ಮಾತ್ರ, ಅಕ್ಷರ ತಮಿಳಿನದು. 2006ರ ಕಾಯಿದೆಯ ನಂತರ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಕಲಿಕೆ ಹಂತಹಂತವಾಗಿ ಕಡ್ಡಾಯವಾಗಿದೆ. ಇರುವ ನಾಡಿನ ಭಾಷೆಯನ್ನು ಮಕ್ಕಳು ಚೆನ್ನಾಗಿ ಕಲಿಯಲೇಬೇಕು. ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ತಮಿಳು, ಇಂಗ್ಲಿಷುಗಳ ನಡುವೆ ಅಜ್ಜಿಯ ಮಾತಿಗೆ ಜಾಗವಿಲ್ಲವೆಂದು ತೀರ್ಮಾನಿಸುತ್ತಿರುವವರು ಸರ್ಕಾರದವರಲ್ಲ, ನಾವೇ. ಮನೆಯೊಳಗೆ ಮೊಮ್ಮಕ್ಕಳೊಡನೆ ಯಾವ ಮಾತನಾಡಬೇಕೆಂದು ಯಾವ ಕಾಯಿದೆಯೂ ಹೇಳಿಲ್ಲ.

ನಾವು ಮಾಡಬಹುದಾದದ್ದು

ಸಂಘದ ಬಂಧುಗಳಲ್ಲಿ ನಮ್ಮ ಅರಿಕೆ ಮೂರು. ಮೊದಲನೆಯದು, ಜಲಾಶಯದಲ್ಲಿ ಮುಳುಗಿದ ಊರುಗಳ ಹೆಸರು, ಕೇರಿಗಳ ಹೆಸರು, ಹೊಲಗಳ ಹೆಸರುಗಳನ್ನು ತಿಳಿದ ಹಿರಿಯರು ಯಾರ ಮನೆಯಲ್ಲಿದ್ದರೂ ಅವರ ಮಾತನ್ನು ಈ ವರ್ಷವೇ ಬರೆದುಕೊಳ್ಳಬೇಕು. ಮೊಬೈಲಿನಲ್ಲಿ ದನಿ ಹಿಡಿದರೂ ಸರಿಯೇ. ಅಣೆಕಟ್ಟಿಗೆ ತೊಂಬತ್ತು ವರ್ಷ ತುಂಬಿಹೋಗಿದೆ. ಊರು ಬಿಟ್ಟವರ ಮಾತನ್ನು ನೇರವಾಗಿ ಕೇಳಿದ ಮಕ್ಕಳೇ ಈಗ ಮುದುಕರಾಗಿದ್ದಾರೆ. ಎರಡನೆಯದು, ಒಕ್ಕಲುತನದ, ಮಗ್ಗದ, ಅಡುಗೆಮನೆಯ, ನೆಂಟಸ್ತಿಕೆಯ ನಮ್ಮ ಕಡೆಯ ಕನ್ನಡ ಪದಗಳನ್ನು ಮನೆಮನೆಯಿಂದ ಕೂಡಿಸಬೇಕು. ಅವು ಮೈಸೂರಿನ ಕನ್ನಡದಂತಿಲ್ಲವೆಂದು ನಾಚಬೇಕಾಗಿಲ್ಲ. ಅಲ್ಲಿಲ್ಲದ ಪದಗಳು ನಮ್ಮಲ್ಲಿರುವುದೇ ಅವುಗಳ ಬೆಲೆ. ಮೂರನೆಯದು, ರಜೆಯ ದಿನಗಳಲ್ಲಿ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವ ಕೆಲಸವನ್ನು ನಿವೃತ್ತ ಶಿಕ್ಷಕರಾದ ನಾವು ಹೊತ್ತುಕೊಳ್ಳಬೇಕು. ಐವತ್ತು ಅಕ್ಷರಗಳಿಗೆ ಒಂದು ಬೇಸಿಗೆ ಸಾಕು.

ಮುಂದಿನ ಸಮ್ಮೇಳನಕ್ಕೆ ಬರುವಾಗ ಪ್ರತಿಯೊಂದು ಮನೆಯವರೂ ತಮ್ಮ ಹಿರಿಯರಿಂದ ಕೇಳಿ ಬರೆದ ಒಂದು ಹಾಳೆಯನ್ನು ತರುವಂತಾದರೆ, ನೂರು ಮನೆಗಳಿಂದ ನೂರು ಹಾಳೆಯ ಪುಸ್ತಕವಾಗುತ್ತದೆ. ಕಾವೇರಿಪುರದ ದಾರಿಯ ಚರಿತ್ರೆಯಲ್ಲಿ ಒಳಗಿನವರೇ ಬರೆದ ಸಂಪುಟ ಅದಾದೀತು. ಕಾಗದವನ್ನೂ ಅಚ್ಚಿನ ತಿದ್ದುಪಡಿಯ ಹೊಣೆಯನ್ನೂ ನಾವು ನಾಲ್ವರು ಈಗಲೇ ಒಪ್ಪಿಕೊಂಡಿದ್ದೇವೆ.